ಕುರ್ಚಿಯೇರಿದ ಕಾರ್ಮಿಕನೆಲ್ಲ ದ್ರೋಹಿಯೆ?



ನಮ್ಮ ನಡುವೆ ಒಂದು ಮಾತು ಬಹಳ ಅಗ್ಗವಾಗಿಬಿಟ್ಟಿದೆ. ಚಂದಾ ಪುಸ್ತಕ ಹಿಡಿದುಕೊಂಡು ಹೋಟೆಲಿನ ಹಿಂಬಾಗಿಲಿಗೆ ಹೋದರೂ ಅದೇ ಮಾತು, ಗಿರಣಿಯವರ ಚಾಳಿಗೆ ಹೋದರೂ ಅದೇ ಮಾತು. “ಯೂನಿಯನ್ನಿನವರನ್ನೆಲ್ಲ ನೋಡಿಯಾಯಿತು ಮಾರಾಯ್ರೆ. ಇವತ್ತು ಬಾವುಟ, ನಾಳೆ ಎಲೆಕ್ಷನ್ನು, ನಾಡಿದ್ದು ಮೋಟಾರು. ಕುರ್ಚಿ ಸಿಕ್ಕಿದ ಮೇಲೆ ನಮ್ಮ ಮುಖದ ಗುರುತೂ ಇರುವುದಿಲ್ಲ. ಎಲ್ಲರೂ ಒಂದೇ!”

ಹೀಗೆ ಹೇಳುವವರ ಮೇಲೆ ನಮಗೆ ಸಿಟ್ಟಿಲ್ಲ. ಬಾವುಟದ ಕೋಲನ್ನೇ ಏಣಿಯಾಗಿ ಮಾಡಿಕೊಂಡು ಮೇಲೆ ಹತ್ತಿದವರನ್ನು ನಾವೂ ಕಂಡಿದ್ದೇವೆ. ಅಂಥವರನ್ನು ಮುಚ್ಚಿಡುವ ಕೆಲಸ ನಮ್ಮದಲ್ಲ. ಆದರೆ “ಎಲ್ಲರೂ ಒಂದೇ” ಎಂಬ ಆ ಕೊನೆಯ ಮಾತಿನ ಮೇಲೆ ನಮಗೆ ಸಿಟ್ಟಿದೆ. ಆ ಮಾತಿನಿಂದ ಲಾಭ ಯಾರಿಗೆ? ಎಲ್ಲರೂ ಕಳ್ಳರೆಂದಾದ ಮೇಲೆ ನಿಜವಾದ ಕಳ್ಳನ ಕೈ ಹಿಡಿದು ಕೇಳುವವರಾರು? ಅವನೂ ನಗುತ್ತ, “ಹೌದಪ್ಪ, ಲೋಕವೇ ಹಾಗೆ” ಎಂದು ಜೇಬಿಗೆ ಕೈ ಹಾಕಿಕೊಂಡು ಹೋಗುತ್ತಾನೆ. ಅಕ್ಕಿಯಲ್ಲಿ ಕಲ್ಲಿದ್ದರೆ ಮೊರ ಹಿಡಿದು ಆರಿಸುತ್ತೇವೆ. ಕಲ್ಲಿಗೆ ಹೆದರಿ ಅನ್ನ ಬೇಯಿಸುವುದನ್ನೇ ಬಿಟ್ಟುಬಿಡುವ ಅಡುಗೆಯವನನ್ನು ನೀವು ಕಂಡಿದ್ದೀರಾ? ನಾಯಕರ ವಿಷಯದಲ್ಲಿ ಮಾತ್ರ ಮೊರವನ್ನು ಮೂಲೆಗೆ ಎಸೆದು, ಹೊಟ್ಟೆಗಿಲ್ಲದೆ ಮಲಗುವುದು ಯಾವ ಬುದ್ಧಿವಂತಿಕೆ?

ಆದುದರಿಂದ ಇಂದು ನಾವು ಒಬ್ಬ ಗಾಜಿನ ಕೆಲಸಗಾರನ ಬಾಳನ್ನು ನಿಮ್ಮ ಮುಂದೆ ಇಡುತ್ತೇವೆ. ಆತನ ಹೆಸರು ಜುವಾನ್ ಪೆಯ್ರೊ. ನಾಡು ಕಟಲೋನಿಯಾ, ಸ್ಪೇನ್ ದೇಶದ ಈಶಾನ್ಯ ಮೂಲೆಯಲ್ಲಿರುವ, ತನ್ನದೇ ಭಾಷೆಯುಳ್ಳ, ಬಾರ್ಸಿಲೋನಾ ನಗರವನ್ನು ರಾಜಧಾನಿಯಾಗಿ ಹೊಂದಿದ ಪ್ರಾಂತ. ಬಂದರು, ಹತ್ತಿ ಗಿರಣಿ, ಕಾರ್ಖಾನೆಗಳ ನಾಡು. ಈತ ಯೂನಿಯನ್ನಿನ ಪ್ರಧಾನ ಕಾರ್ಯದರ್ಶಿಯಾಗಿದ್ದ, ಮಂತ್ರಿಯೂ ಆದ. ಅಷ್ಟು ದೂರದವನ ಕಥೆ ನಮಗೇಕೆ ಎನ್ನಬೇಡಿ. ಆತ ನಮ್ಮ ಜಾತಿಯವನಲ್ಲ, ನಮ್ಮ ಪಕ್ಷದವನಲ್ಲ, ನಮ್ಮ ಊರವನಲ್ಲ. ಹೊಗಳಿದರೆ ನಮಗೆ ಲಾಭವಿಲ್ಲ, ತೆಗಳಿದರೆ ನಷ್ಟವಿಲ್ಲ. ತಕ್ಕಡಿಯನ್ನು ಸಮವಾಗಿ ಹಿಡಿಯಲು ಇಂಥವನೇ ತಕ್ಕವನು.

ಪೆಯ್ರೊ ಹುಟ್ಟಿದುದು 1887ರ ಫೆಬ್ರವರಿ 18ರಂದು, ಬಾರ್ಸಿಲೋನಾದ ಸಾಂಟ್ಸ್ ಎಂಬ ಕಾರ್ಮಿಕರ ಕೇರಿಯಲ್ಲಿ. ಎಂಟನೆಯ ವಯಸ್ಸಿಗೇ ಗಾಜಿನ ಕಾರ್ಖಾನೆಗೆ ಸೇರಿದ. ಗಾಜಿನ ಕುಲುಮೆಯೆಂದರೆ ಹಗಲಿರುಳು ಆರದ ಬೆಂಕಿ. ಕಾವಲಿಯ ಮುಂದೆ ನಿಂತು ಬೆವರು ಸುರಿಸಿದವರಿಗೆ, ಮೂಗು ಒರೆಸಿಕೊಳ್ಳಲು ಬಾರದ ವಯಸ್ಸಿನಲ್ಲಿ ಕಪ್ಪುಬಸಿ ತೊಳೆಯಲು ನಿಂತವರಿಗೆ, ಅದರ ಬಿಸಿಯನ್ನು ನಾವು ವರ್ಣಿಸಬೇಕಾಗಿಲ್ಲ. ಶಾಲೆ ಎಂಬುದನ್ನು ಆ ಹುಡುಗ ಕಾಣಲಿಲ್ಲ. ಓದು ಬರಹ ಕಲಿತುದು 22 ವರ್ಷವಾದ ಮೇಲೆ. ಅಷ್ಟರಲ್ಲಿ ಮದುವೆಯೂ ಆಗಿತ್ತು; ಹೆಂಡತಿ ಹತ್ತಿ ಗಿರಣಿಯ ಕೆಲಸಗಾತಿ.

ಆ ವಯಸ್ಸಿನಲ್ಲಿ ಅಕ್ಷರ ಕಲಿತವನು ಅದರಿಂದ ಏನು ಮಾಡಿದ? ಗುಮಾಸ್ತೆಯ ಮೇಜನ್ನು ಹುಡುಕಿಕೊಂಡು ಹೋಗಲಿಲ್ಲ. ಬಾದಲೋನಾ ಪಟ್ಟಣದ ಕಾರ್ಮಿಕ ಪತ್ರಿಕೆಯನ್ನೂ ಗಾಜಿನ ಕಾರ್ಮಿಕರ ಪತ್ರಿಕೆಯನ್ನೂ ನಡೆಸಿದ. 1916ರಿಂದ 1920ರ ವರೆಗೆ ಸ್ಪೇನಿನ ಗಾಜಿನ ಕಾರ್ಮಿಕರ ಒಕ್ಕೂಟದ ಕಾರ್ಯದರ್ಶಿಯಾದ. ಮುಂದೆ 1930ರಲ್ಲಿ ಬಾರ್ಸಿಲೋನಾದ ದೊಡ್ಡ ಕಾರ್ಮಿಕ ದಿನಪತ್ರಿಕೆ ‘ಸೊಲಿಡಾರಿಡಾಡ್ ಒಬ್ರೇರಾ’ಕ್ಕೆ ಸಂಪಾದಕನೂ ಆದ. “ನಾವು ಓದದವರು, ನಮಗೇಕೆ ಕಾನೂನು, ನಮಗೇಕೆ ಪತ್ರಿಕೆ” ಎಂದು ಕೈ ಚೆಲ್ಲಿ ಕೂರುವವರು ಈ ಲೆಕ್ಕವನ್ನು ಸ್ವಲ್ಪ ನೋಡಲಿ.

ಆತನ ಸಂಸ್ಥೆಯ ಬಗೆಗೆ ಎರಡು ಮಾತು ಹೇಳದೆ ಮುಂದಿನ ಕಥೆ ತಿಳಿಯದು. 1910ರಲ್ಲಿ ಬಾರ್ಸಿಲೋನಾದಲ್ಲಿ ಸಿ.ಎನ್.ಟಿ. ಎಂಬ ಕಾರ್ಮಿಕ ಮಹಾಸಂಘ ಹುಟ್ಟಿತು. ಅದರವರ ತತ್ತ್ವ ಬಹಳ ಖಾರವಾದುದು. ಸರಕಾರವೆಂಬುದೇ ಬೇಡ, ಪಾರ್ಲಿಮೆಂಟಿನಿಂದ ಬಡವನಿಗೆ ಏನೂ ಸಿಗದು, ಕಾರ್ಖಾನೆ ಗದ್ದೆಗಳನ್ನು ದುಡಿಯುವವರ ಸಂಘಗಳೇ ನಡೆಸಬೇಕು ಎಂಬುದು ಅವರ ಮತ. ಅರಾಜಕತಾವಾದಿಗಳೆಂದು ಅವರನ್ನು ಕರೆಯುತ್ತಾರೆ. 1919ರ ಹೊತ್ತಿಗೆ ಆ ಸಂಸ್ಥೆಗೆ 7 ಲಕ್ಷಕ್ಕೂ ಮಿಕ್ಕಿ ಸದಸ್ಯರು. ಸಂಬಳ ಪಡೆಯುವ ಪದಾಧಿಕಾರಿಗಳು ಮಾತ್ರ ಬೆರಳಲ್ಲಿ ಎಣಿಸುವಷ್ಟು. ನಾಯಕರೆನಿಸಿದವರು ಹಗಲು ದುಡಿದು ರಾತ್ರಿ ಸಂಘದ ಕೆಲಸ ಮಾಡುತ್ತಿದ್ದರು.

1918ರ ಬೇಸಿಗೆಯಲ್ಲಿ ಇದೇ ಸಾಂಟ್ಸ್ ಕೇರಿಯಲ್ಲಿ ಕಟಲೋನಿಯಾದ ಸಂಘಗಳ ಸಮ್ಮೇಳನ ನಡೆಯಿತು. ಅಲ್ಲಿಯ ತನಕ ಒಂದೇ ಕಾರ್ಖಾನೆಯಲ್ಲಿ ಒಂದೊಂದು ಕಸಬಿಗೆ ಒಂದೊಂದು ಸಂಘ. ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ ಅಡುಗೆ ಭಟ್ಟರದೊಂದು, ಸಪ್ಲೈಯರರದೊಂದು, ಕ್ಲೀನರರದೊಂದು ಎಂಬಂತೆ. ಒಬ್ಬನು ಮುಷ್ಕರ ಹೂಡಿದರೆ ಇನ್ನೊಬ್ಬನು ಕೆಲಸ ಮಾಡುತ್ತಿದ್ದ. ಮಾಲಿಕನು ನಡುವೆ ಕುಳಿತು ನಗುತ್ತಿದ್ದ. ಒಂದು ಕೈಗಾರಿಕೆಗೆ ಒಂದೇ ಸಂಘವೆಂದು ಆ ಸಮ್ಮೇಳನ ತೀರ್ಮಾನಿಸಿತು. ಪೆಯ್ರೊ ಈ ತತ್ತ್ವವನ್ನು ಇನ್ನೂ ಮುಂದಕ್ಕೆ ಒಯ್ದ. ಊರಿಗೊಂದು ಸಂಘ ಸಾಲದು, ಇಡೀ ದೇಶದ ಒಂದು ಕೈಗಾರಿಕೆಗೆ ಒಂದು ಒಕ್ಕೂಟ ಬೇಕು, ಏಕೆಂದರೆ ಬಂಡವಾಳವು ಊರ ಗಡಿ ನೋಡುವುದಿಲ್ಲ ಎಂದು ಜೀವಮಾನವೆಲ್ಲ ವಾದಿಸಿದ.

ಒಂದಾದ ಸಂಘದ ಬಲ ಮರುವರ್ಷವೇ ಕಂಡಿತು. 1919ರ ಫೆಬ್ರವರಿಯಲ್ಲಿ ಬಾರ್ಸಿಲೋನಾದ ವಿದ್ಯುತ್ ಕಂಪನಿಯೊಂದರಲ್ಲಿ ಎಂಟು ಜನ ಕಚೇರಿ ನೌಕರರನ್ನು ಕೆಲಸದಿಂದ ತೆಗೆದರು. ‘ಕೆನಡಿಯನ್’ ಎಂದು ಜನ ಕರೆಯುತ್ತಿದ್ದ ಕಂಪನಿ ಅದು. ಎಂಟು ಜನರಿಗಾಗಿ ಆರಂಭವಾದ ಮುಷ್ಕರ 44 ದಿನ ನಡೆಯಿತು. ನಗರ ಕತ್ತಲಾಯಿತು, ಟ್ರಾಮು ನಿಂತಿತು, ಕಾರ್ಖಾನೆಗಳು ಮುಚ್ಚಿದವು. ಕೊನೆಗೆ ಏಪ್ರಿಲ್ 3ರಂದು ಸರಕಾರ 8 ಗಂಟೆಯ ದುಡಿಮೆಯ ಆಜ್ಞೆ ಹೊರಡಿಸಿತು. ಇಡೀ ದೇಶಕ್ಕೆ 8 ಗಂಟೆಯನ್ನು ಕಾನೂನಾಗಿ ಮಾಡಿದ ಮೊದಲ ನಾಡುಗಳ ಸಾಲಿಗೆ ಸ್ಪೇನ್ ಸೇರಿತು.

ಮಾಲಿಕರು ಸುಮ್ಮನಿದ್ದರೆ? ಬಾಡಿಗೆಯ ಗುಂಡುಕೋರರು ಬೀದಿಗಿಳಿದರು. ಹಿಡಿದವರನ್ನು ಬಿಟ್ಟಂತೆ ಮಾಡಿ, ಓಡಿಹೋಗುತ್ತಿದ್ದರೆಂದು ಹೇಳಿ ಬೆನ್ನಿಗೆ ಗುಂಡು ಹೊಡೆಯುವುದನ್ನು ಪೊಲೀಸರು ಕಲಿತರು. ಕಾರ್ಮಿಕರ ವಕೀಲ ಫ್ರಾನ್ಸೆಸ್ಕ್ ಲೈರೆಟ್ ಊರುಗೋಲಿನಲ್ಲಿ ನಡೆಯುವ ಮನುಷ್ಯ. ಆತನನ್ನೂ 1920ರ ನವೆಂಬರ್ 30ರಂದು ಬೀದಿಯಲ್ಲಿ ಕೊಂದರು. ಬಣ್ಣ ಬಳಿಯುವ ಕೆಲಸಗಾರ ಸಾಲ್ವಡಾರ್ ಸೆಗಿ ಆ ಕಾಲದ ಅತಿದೊಡ್ಡ ಕಾರ್ಮಿಕ ನಾಯಕ, ಪೆಯ್ರೊನ ಗುರುವಿನಂತಿದ್ದವನು. 1923ರ ಮಾರ್ಚ್ 10ರಂದು ಆತನೂ ಗುಂಡಿಗೆ ಬಲಿಯಾದ. ಸೆರೆಮನೆಗೆ ಹೋಗಿಬಂದಿದ್ದ ಪೆಯ್ರೊ ಸಿ.ಎನ್.ಟಿ.ಯ ಪ್ರಧಾನ ಕಾರ್ಯದರ್ಶಿಯ ಸ್ಥಾನ ವಹಿಸಿಕೊಂಡದ್ದು ಇಂಥ ಕಾಲದಲ್ಲಿ, 1922ರಲ್ಲಿ. ಆ ಕುರ್ಚಿಯಲ್ಲಿ ಕೂರುವವನಿಗೆ ಸಿಗುತ್ತಿದ್ದುದು ಮೋಟಾರಲ್ಲ, ಗುಂಡು.

1923ರ ಸೆಪ್ಟೆಂಬರಿನಲ್ಲಿ ಸೇನಾಪತಿ ಪ್ರಿಮೊ ದ ರಿವೇರಾ ಸರ್ವಾಧಿಕಾರಿಯಾದ. ಸಿ.ಎನ್.ಟಿ. ಗುಪ್ತವಾಗಿ ಉಸಿರಾಡಬೇಕಾಯಿತು. ಪೆಯ್ರೊ ಮತ್ತೆ ಮತ್ತೆ ಸೆರೆಮನೆ ಕಂಡ. ಹೊರಗಿದ್ದಾಗ ಮತಾರೊ ಎಂಬ ಪಟ್ಟಣದ ಗಾಜಿನ ಕುಲುಮೆಯಲ್ಲಿ ದುಡಿದ. ಅಲ್ಲಿನ ಕೆಲಸಗಾರರು ಸೇರಿ ಕಾರ್ಖಾನೆಯನ್ನು ತಮ್ಮದೇ ಸಹಕಾರಿ ಸಂಘವನ್ನಾಗಿ ಮಾಡಿಕೊಂಡು ವಿದ್ಯುದ್ದೀಪದ ಬುರುಡೆಗಳನ್ನು ತಯಾರಿಸಿದರು. ಮಾಲಿಕನಿಲ್ಲದೆ ಕುಲುಮೆ ಆರುವುದಿಲ್ಲ ಎಂಬುದನ್ನು ಆತ ಭಾಷಣದಲ್ಲಿ ಹೇಳಿದ್ದಲ್ಲದೆ ಮಾಡಿಯೂ ತೋರಿಸಿದ. 1928ರಲ್ಲಿ ಸಂಸ್ಥೆ ಮತ್ತೊಮ್ಮೆ ಆತನನ್ನೇ ಪ್ರಧಾನ ಕಾರ್ಯದರ್ಶಿಯಾಗಿ ಆರಿಸಿತು.

ಈ ಕಾಲದಲ್ಲೇ ಒಂದು ಪರೀಕ್ಷೆ ಬಂತು. 1926ರಲ್ಲಿ ಸರ್ವಾಧಿಕಾರಿಯು ಮಾಲಿಕರೂ ಕಾರ್ಮಿಕರೂ ಸಮಸಂಖ್ಯೆಯಲ್ಲಿ ಕೂರುವ ಜಂಟಿ ಸಮಿತಿಗಳನ್ನು ಏರ್ಪಡಿಸಿದ್ದ. ಬೇರೊಂದು ದೊಡ್ಡ ಕಾರ್ಮಿಕ ಸಂಘದವರು ಹೋಗಿ ಕುಳಿತರು. ಸಿ.ಎನ್.ಟಿ.ಯೊಳಗೂ, ನಾವೂ ಹೋದರೇನು ಎಂಬ ಚರ್ಚೆ ಎದ್ದಿತು. ಪೆಯ್ರೊ ಒಪ್ಪಲಿಲ್ಲ. ಸಂಘ ಕಟ್ಟುವ ಸ್ವಾತಂತ್ರ್ಯವನ್ನು ಕಿತ್ತುಕೊಂಡವನು ಕೊಡುವ ಕುರ್ಚಿ ಕಾರ್ಮಿಕನ ಹಕ್ಕಲ್ಲ, ಭಿಕ್ಷೆ ಎಂಬುದು ಆತನ ನಿಲುವಿನ ಸಾರ.

ಇಲ್ಲಿಯ ತನಕದ ಕಥೆ ಕೇಳಿ, “ಸರಿ, ಈತ ಶುದ್ಧ ಬೆಂಕಿ” ಎನ್ನುವಿರಿ. ಆದರೆ ತನ್ನ ಪಾಳೆಯದ ಬೆಂಕಿಯುಗುಳುವವರ ಕಣ್ಣಿಗೆ ಈತ ತಣ್ಣೀರು! ರಾಜನು ದೇಶ ಬಿಟ್ಟು ಹೋಗಿ 1931ರ ಏಪ್ರಿಲ್ 14ರಂದು ಸ್ಪೇನ್ ಗಣರಾಜ್ಯವಾಯಿತು. ನಾಳೆಯೇ ಬಂದೂಕು ಹಿಡಿದು ಕ್ರಾಂತಿ ಮಾಡಿಬಿಡೋಣ ಎನ್ನುವ ಗುಂಪು ಸಿ.ಎನ್.ಟಿ.ಯಲ್ಲಿ ಬಲವಾಯಿತು. ಅದೇ ಆಗಸ್ಟಿನಲ್ಲಿ ಪೆಯ್ರೊ ಮೊದಲಾದ ಮೂವತ್ತು ಜನ ಸಹಿ ಹಾಕಿ ಒಂದು ಪ್ರಕಟಣೆ ಹೊರಡಿಸಿದರು. ಬೆರಳೆಣಿಕೆಯ ಧೈರ್ಯಶಾಲಿಗಳ ಸಾಹಸದಿಂದ ಕ್ರಾಂತಿಯಾಗದು. ಸಂಘಟಿತರಾದ, ತಯಾರಾದ ಬಹುಜನರಿಂದ ಆದೀತು ಎಂಬುದು ಅದರ ತಾತ್ಪರ್ಯ. ಅವರಿಗೆ ‘ಮೂವತ್ತರವರು’ ಎಂದೇ ಅಡ್ಡಹೆಸರು ಬಿತ್ತು. ದ್ರೋಹಿಗಳೆಂದರು, ಮೆತ್ತಗಿನವರೆಂದರು. ಅವರ ಸಂಘಗಳು ಮಹಾಸಂಘದಿಂದ ಹೊರಗೆ ನಿಲ್ಲಬೇಕಾಯಿತು.

ಮುಂದೇನಾಯಿತು? 1932ರ ಜನವರಿಯಲ್ಲಿ ಒಂದು ದಂಗೆ, 1933ರ ಜನವರಿಯಲ್ಲಿ ಇನ್ನೊಂದು, ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೊಂದು. ಮೂರೂ ಮುರಿದುಬಿದ್ದವು. ಕಾಸಾಸ್ ವಿಯೆಹಾಸ್ ಎಂಬ ಒಂದೇ ಹಳ್ಳಿಯಲ್ಲಿ 20ಕ್ಕೂ ಹೆಚ್ಚು ಜನ ಸತ್ತರು. ಗುಡಿಸಿಲಿಗೆ ಪೊಲೀಸರು ಬೆಂಕಿಯಿಟ್ಟರು. ಸೆರೆಮನೆಗಳು ತುಂಬಿದವು, ಸಂಘಗಳು ಬರಿದಾದವು. ವೇದಿಕೆಯ ಮೇಲೆ ಗಂಟಲು ಹರಿಯುವಂತೆ ಕೂಗುವವನೇ ನಿಜವಾದ ನಾಯಕ, ಲೆಕ್ಕ ಹಾಕಿ ಮಾತಾಡುವವನು ಮಾಲಿಕರ ಏಜೆಂಟ ಎಂದು ಭಾವಿಸುವ ನಮ್ಮ ಕೆಲವು ಗೆಳೆಯರಿಗೆ ಈ ಮೂರು ದಂಗೆಗಳನ್ನು ಒಪ್ಪಿಸಿದ್ದೇವೆ. 1936ರ ಮೇ ತಿಂಗಳಲ್ಲಿ ಸರಗೋಸಾ ಸಮ್ಮೇಳನದಲ್ಲಿ ಎರಡು ಕಡೆಯವರೂ ಮತ್ತೆ ಕೈ ಹಿಡಿದರು. ಪೆಯ್ರೊ ಹಳೆಯ ಬೈಗುಳಗಳ ಸೇಡು ತೀರಿಸಿಕೊಳ್ಳುತ್ತ ಕೂರಲಿಲ್ಲ.

ಎರಡು ತಿಂಗಳಲ್ಲಿ ಸಿಡಿಲೆರಗಿತು. 1936ರ ಜುಲೈಯಲ್ಲಿ ಫ್ರಾಂಕೋ ಮೊದಲಾದ ಸೇನಾಧಿಕಾರಿಗಳು ಗಣರಾಜ್ಯದ ಮೇಲೆ ದಂಗೆಯೆದ್ದರು. ಜುಲೈ 19ರಂದು ಬಾರ್ಸಿಲೋನಾದ ಬೀದಿಗಳಲ್ಲಿ ಕಾರ್ಮಿಕರು ಸೈನ್ಯವನ್ನು ಸೋಲಿಸಿದರು. ಕಾರ್ಖಾನೆ, ಟ್ರಾಮು, ಹೋಟೆಲುಗಳು ಕೂಡ ಕಾರ್ಮಿಕರ ಕೈಗೆ ಬಂದವು. ದುಡಿಯುವವನ ರಾಜ್ಯ ಬಂತೆಂದು ಕುಣಿಯುವ ಹೊತ್ತು ಅದು. ಆ ಹೊತ್ತಿನಲ್ಲೇ ಕ್ರಾಂತಿಯ ಹೆಸರು ಹೇಳಿಕೊಂಡು ಕೆಲವರು ರಾತ್ರಿ ಮನೆ ಬಾಗಿಲು ತಟ್ಟಿ, ಪಾದ್ರಿಯೆಂದೋ ಸಾಹುಕಾರನೆಂದೋ ಬೇಡದವನೆಂದೋ ಎಳೆದೊಯ್ದು ಕೊಂದರು, ದೋಚಿದರು. ಹೀಗೆ ಕಟಲೋನಿಯಾದಲ್ಲಿ ಸತ್ತವರು ಸಾವಿರಾರು ಜನ.

ಆಗ ಬಾಯಿ ಮುಚ್ಚಿಕೊಂಡಿರುವುದು ಸುಲಭವಾಗಿತ್ತು. “ನಮ್ಮವರು ತಾನೆ” ಎಂದರೆ ಮುಗಿಯುತ್ತಿತ್ತು. ಪೆಯ್ರೊ ಮತಾರೊದ ‘ಲಿಬರ್ಟಾಟ್’ ಪತ್ರಿಕೆಯಲ್ಲಿ ಲೇಖನದ ಮೇಲೆ ಲೇಖನ ಬರೆದ. ಕದಿಯಲು ಕೊಲ್ಲುವವನು, ಕೊಲ್ಲಲು ಕೊಲ್ಲುವವನು ಕ್ರಾಂತಿಕಾರನಲ್ಲ, ಕ್ರಾಂತಿಯ ಹೆಗಲೇರಿದ ಪಾತಕಿ ಎಂದು ಖಂಡಿಸಿದ. ಆ ಲೇಖನಗಳು ಅದೇ 1936ರಲ್ಲಿ ಪುಸ್ತಕವಾಗಿ ಬಂದವು. ‘ಹಿಂಬದಿಯಲ್ಲಿ ಅಪಾಯ’ ಎಂಬ ಅರ್ಥದ ಹೆಸರು ಅದಕ್ಕೆ. ಕೈಯಲ್ಲಿ ಬಂದೂಕಿರುವ ತನ್ನವರ ನಡುವೆ ನಿಂತು ಆಡಿದ ಮಾತಿದು. ಎದುರಾಳಿಯ ತಪ್ಪನ್ನು ಯಾರೂ ಹೇಳುತ್ತಾರೆ. ಅದಕ್ಕೆ ನಾಲಗೆ ಸಾಕು. ನಮ್ಮವರ ತಪ್ಪನ್ನು ನಮ್ಮವರೆದುರೇ ಹೇಳಲು ಎದೆ ಬೇಕು.

ಈಗ ಬಂತು ಆ ಕುರ್ಚಿ. ಫ್ರಾಂಕೋ ಸೈನ್ಯ ಮ್ಯಾಡ್ರಿಡ್ ಬಾಗಿಲಿಗೆ ಬಂದಿತ್ತು. ಪ್ರಧಾನಿ ಲಾರ್ಗೊ ಕಬಯೆರೊ, ತಾನೂ ಗಾರೆ ಕೆಲಸದಿಂದ ಮೇಲೆ ಬಂದ ಕಾರ್ಮಿಕ ನಾಯಕ, ಸಿ.ಎನ್.ಟಿ.ಯನ್ನು ಸರಕಾರಕ್ಕೆ ಕರೆದ. 1936ರ ನವೆಂಬರ್ 4ರಂದು ನಾಲ್ವರು ಮಂತ್ರಿಗಳಾದರು. ಅವರಲ್ಲಿ ಫೆಡರಿಕಾ ಮೊಂಟ್ಸೆನಿ ಸ್ಪೇನಿನ ಮೊದಲ ಮಹಿಳಾ ಮಂತ್ರಿ. ಕೈಗಾರಿಕಾ ಖಾತೆ ಪೆಯ್ರೊನ ಪಾಲಿಗೆ ಬಂತು. ಎಂಟನೆಯ ವಯಸ್ಸಿಗೆ ಕುಲುಮೆಗೆ ಹೋದವನು ದೇಶದ ಕೈಗಾರಿಕಾ ಮಂತ್ರಿ!

ಸರಕಾರವೇ ಬೇಡವೆನ್ನುತ್ತಿದ್ದವರು ಸರಕಾರದಲ್ಲಿ ಕೂತರಲ್ಲ ಎಂದು ಅಂದು ಸ್ವಂತದವರೇ ಕೇಳಿದರು. ಇಂದಿಗೂ ಕೇಳುವವರಿದ್ದಾರೆ. ಅವರ ಪ್ರಶ್ನೆಯನ್ನು ನಾವು ಗಾಳಿಗೆ ತೂರುವುದಿಲ್ಲ. ಒಪ್ಪಿಕೊಳ್ಳಬೇಕಾದುದನ್ನು ಒಪ್ಪಿಕೊಳ್ಳೋಣ. ಮಂತ್ರಿಯಾಗಿ ಪೆಯ್ರೊ ಬಯಸಿದುದರಲ್ಲಿ ಕೈಗೂಡಿದ್ದು ಸ್ವಲ್ಪ. ಕಾರ್ಖಾನೆಗಳನ್ನು ದುಡಿಯುವವರ ಒಡೆತನಕ್ಕೆ ತರುವ ಆಜ್ಞೆಯನ್ನು ಆತ ಸಿದ್ಧಪಡಿಸಲು ಹೊರಟರೆ, ಪರದೇಶದ ಬಂಡವಾಳಗಾರರು ಮುನಿದಾರೆಂಬ ಹೆದರಿಕೆಯಿಂದ ಮಂತ್ರಿಮಂಡಲ ಅದರ ಹಲ್ಲು ಕಿತ್ತಿತು. ಕಾರ್ಮಿಕರು ನಡೆಸುತ್ತಿದ್ದ ಕಾರ್ಖಾನೆಗಳಿಗೆ ಹಣ ಬೇಕೆಂದರೆ ಹಣಕಾಸು ಖಾತೆಯ ಬಾಗಿಲು ತೆರೆಯಲಿಲ್ಲ. 1937ರ ಮೇಯಲ್ಲಿ ಬಾರ್ಸಿಲೋನಾದ ಬೀದಿಗಳಲ್ಲಿ ಫ್ರಾಂಕೋ ವಿರೋಧಿಗಳೇ ಪರಸ್ಪರ ಗುಂಡು ಹಾರಿಸಿಕೊಂಡರು. ಆ ತಿಂಗಳೇ ಮಂತ್ರಿಮಂಡಲ ಬಿದ್ದಿತು. ಆರು ತಿಂಗಳ ಮಂತ್ರಿಗಿರಿ ಅಲ್ಲಿಗೆ ಮುಗಿಯಿತು.

ಸೋತನೆ? ಸೋತ. ಆದರೆ ಸೋಲು ಬೇರೆ, ದ್ರೋಹ ಬೇರೆ. ಈ ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸುವವರ ಜೊತೆಗೇ ನಮ್ಮ ಜಗಳ. ಮುಷ್ಕರ ಸೋತಾಗಲೆಲ್ಲ “ನಾಯಕ ದುಡ್ಡು ತಿಂದ” ಎನ್ನುವವರು, ಮುಷ್ಕರ ಗೆದ್ದಾಗ ಲೆಕ್ಕವನ್ನೇ ಕೇಳದವರು, ಇಬ್ಬರೂ ಒಂದೇ ತಪ್ಪನ್ನು ಮಾಡುತ್ತಾರೆ. ಸೋತವನನ್ನು ನೋಡಬೇಕಾದುದು, ಅವನು ಯಾರಿಗಾಗಿ ಆಡಿ ಸೋತ, ಸೋತ ಮೇಲೆ ಯಾರೆದುರು ಬಂದು ನಿಂತ ಎಂಬುದನ್ನು.

ಪೆಯ್ರೊ ಎಲ್ಲಿ ನಿಂತ? ಅಧಿಕಾರ ಬಿಟ್ಟ ಅದೇ 1937ರಲ್ಲಿ ವಾಲೆನ್ಸಿಯಾದಲ್ಲಿ ಜನರ ಮುಂದೆ ನಿಂತು, ಮಂತ್ರಿಯಾಗಿ ತಾನು ಏನು ಮಾಡಿದೆ, ಏನು ಮಾಡಲಾಗಲಿಲ್ಲ, ಯಾರು ತಡೆದರು ಎಂಬುದನ್ನು ಬಿಡಿಸಿ ಹೇಳಿದ. ಆ ಭಾಷಣಕ್ಕೆ ‘ಮತಾರೊ ಗಾಜಿನ ಕಾರ್ಖಾನೆಯಿಂದ ಕೈಗಾರಿಕಾ ಖಾತೆಗೆ’ ಎಂಬರ್ಥದ ಹೆಸರು. ಗಲ್ಲಾದಲ್ಲಿ ಕೂತವನು ರಾತ್ರಿ ಬಾಗಿಲು ಹಾಕುವ ಮೊದಲು ದಿನದ ಲೆಕ್ಕ ಒಪ್ಪಿಸುವಂತೆ, ಮಂತ್ರಿಯಾಗಿದ್ದವನು ಲೆಕ್ಕ ಒಪ್ಪಿಸಿದ. ಕೇಳಿ ಗೆಳೆಯರೆ, ನಿಮ್ಮ ಮತ ಪಡೆದು ಮೇಲೆ ಹೋದವರಲ್ಲಿ ಎಷ್ಟು ಜನ ಇಳಿದುಬಂದು ಹೀಗೆ ನಿಮ್ಮೆದುರು ನಿಂತಿದ್ದಾರೆ? ನಿಲ್ಲಲಿಲ್ಲವೆಂಬುದು ಅವರ ತಪ್ಪು. ನಿಲ್ಲಿ ಎಂದು ನಾವು ಕೇಳಲಿಲ್ಲವೆಂಬುದು ಯಾರ ತಪ್ಪು?

1939ರಲ್ಲಿ ಗಣರಾಜ್ಯ ಬಿದ್ದಿತು. ಲಕ್ಷಾಂತರ ಜನ ಗಡಿ ದಾಟಿ ಫ್ರಾನ್ಸಿಗೆ ಓಡಿದರು. ಪೆಯ್ರೊ ಫೆಬ್ರವರಿಯಲ್ಲಿ ದಾಟಿದ. ಪರದೇಶದಲ್ಲಿಯೂ ನಿರಾಶ್ರಿತರಿಗೆ ನೆರವು ಹಂಚುವ ಸಮಿತಿಯಲ್ಲಿ ತನ್ನ ಸಂಸ್ಥೆಯ ಪ್ರತಿನಿಧಿಯಾಗಿ ದುಡಿದ. 1940ರಲ್ಲಿ ಹಿಟ್ಲರನ ಸೈನ್ಯ ಫ್ರಾನ್ಸನ್ನು ಹಿಡಿಯಿತು. ತಪ್ಪಿಸಿಕೊಳ್ಳಲು ಹೊರಟ ಪೆಯ್ರೊ ಸಿಕ್ಕಿಬಿದ್ದು ಜರ್ಮನರ ಕೈ ಸೇರಿದ. 1941ರ ಫೆಬ್ರವರಿಯಲ್ಲಿ ಅವರು ಆತನನ್ನು ಫ್ರಾಂಕೋಗೆ ಒಪ್ಪಿಸಿದರು. ಕಟಲೋನಿಯಾದ ಅಧ್ಯಕ್ಷ ಲೂಯಿಸ್ ಕಂಪನಿಸ್‌ನನ್ನೂ ಹೀಗೆಯೇ ಹಿಡಿದು ಒಪ್ಪಿಸಿ, 1940ರ ಅಕ್ಟೋಬರ್ 15ರಂದು ಗುಂಡಿಕ್ಕಿ ಕೊಲ್ಲಿಸಿದ್ದರು.

ಪೆಯ್ರೊನ ಮುಂದೆ ಮಾತ್ರ ಅವರು ಒಂದು ಬಾಗಿಲನ್ನು ತೆರೆದಿಟ್ಟರು. ಅದನ್ನು ತಿಳಿಯಲು ಫ್ರಾಂಕೋ ರಾಜ್ಯದಲ್ಲಿ ಯೂನಿಯನ್ನೆಂದರೆ ಏನೆಂದು ತಿಳಿಯಬೇಕು. ಸ್ವತಂತ್ರ ಸಂಘಗಳನ್ನೆಲ್ಲ ನಾಶಮಾಡಿ, 1940ರಲ್ಲಿ ಕಾನೂನಿನಿಂದ ಒಂದೇ ಸರಕಾರಿ ಸಂಘವನ್ನು ನಿಲ್ಲಿಸಿದ್ದರು. ‘ಲಂಬ ಸಂಘ’ ಎಂದು ಅದಕ್ಕೆ ಹೆಸರು. ಮೇಲೆ ಮಾಲಿಕ, ಕೆಳಗೆ ಕೂಲಿ, ಇಬ್ಬರೂ ಅದರ ಸದಸ್ಯರು. ಎಲ್ಲರ ನೆತ್ತಿಯ ಮೇಲೆ ಸರಕಾರದ ಪಕ್ಷ. ಮುಷ್ಕರ ಹೂಡಿದರೆ ಅಪರಾಧ. ಕಟುಕನೂ ಕುರಿಯೂ ಒಂದೇ ಸಂಘದಲ್ಲಿ ಕೂತು, ಕತ್ತಿಯ ಬಗ್ಗೆ ಮಾತಾಡಬಾರದೆಂಬ ನಿಯಮ! ಇಂಥ ಸಂಘಕ್ಕೆ ಕಾರ್ಮಿಕರು ನಂಬುವ ಒಂದು ಮುಖ ಬೇಕಾಗಿತ್ತು. ನೀನು ನಮ್ಮ ಜೊತೆ ಬಾ, ಈ ಸಂಘದ ಕೆಲಸಕ್ಕೆ ನಿಲ್ಲು, ಜೀವ ಉಳಿಯುತ್ತದೆ ಎಂದು ಪೆಯ್ರೊಗೆ ಹೇಳಿ ಕಳಿಸಿದರು.

ಆತನಿಗಾಗ 55 ವರ್ಷ. ಹೆಂಡತಿ ಮಕ್ಕಳಿದ್ದರು. ಗಣರಾಜ್ಯ ಮುಳುಗಿಹೋಗಿತ್ತು, ಸಂಸ್ಥೆ ಚದುರಿಹೋಗಿತ್ತು, ಯೂರೋಪಿನ ತುಂಬ ಹಿಟ್ಲರನ ಬಾವುಟ ಹಾರುತ್ತಿತ್ತು. ಒಂದು ಹೂಂ ಎಂದಿದ್ದರೆ ಬದುಕಬಹುದಾಗಿತ್ತು. ಪೆಯ್ರೊ ಹೂಂ ಎನ್ನಲಿಲ್ಲ. ವಿಚಾರಣೆಯಲ್ಲಿ, ಮತಾರೊದಲ್ಲಿ ಆತನಿಂದ ಜೀವ ಉಳಿಸಿಕೊಂಡ ಎದುರು ಪಾಳೆಯದವರೇ ಹಲವರು ಆತನ ಪರವಾಗಿ ಸಾಕ್ಷಿ ನುಡಿದರು. ಸೇನಾ ನ್ಯಾಯಾಲಯಕ್ಕೆ ಅದು ಕೇಳಿಸಲಿಲ್ಲ. 1942ರ ಜುಲೈ 24ರಂದು ವಾಲೆನ್ಸಿಯಾದ ಬಳಿಯ ಪತೆರ್ನಾ ಎಂಬಲ್ಲಿ ಆತನನ್ನು ಗೋಡೆಯ ಮುಂದೆ ನಿಲ್ಲಿಸಿ ಗುಂಡಿಕ್ಕಿದರು.

ಅಂಥ ನ್ಯಾಯಾಲಯಗಳ ತೀರ್ಪುಗಳೆಲ್ಲ ಅಸಿಂಧುವೆಂದು ಸ್ಪೇನಿನ ಪಾರ್ಲಿಮೆಂಟು ಕಾನೂನು ಮಾಡಿದ್ದು 2022ರಲ್ಲಿ. ಆತ ಸತ್ತು 80 ವರ್ಷಗಳಾದ ಮೇಲೆ. ಬಾರ್ಸಿಲೋನಾದಲ್ಲಿ, ಆತ ಹುಟ್ಟಿದ ಸಾಂಟ್ಸ್ ಕೇರಿಯ ರೈಲು ನಿಲ್ದಾಣದ ಮಗ್ಗುಲಿನ ಚೌಕಕ್ಕೆ ಆತನ ಹೆಸರಿದೆ.

“ಸತ್ತವರೆಲ್ಲ ಒಳ್ಳೆಯವರೇ, ಬದುಕಿದ್ದರೆ ಈತನೂ ಬಂಗಲೆ ಕಟ್ಟಿಸುತ್ತಿದ್ದ” ಎಂದು ಈಗಲೂ ಯಾರಾದರೂ ಅಂದಾರು. ಅವರಿಗೆ ನಮ್ಮ ಉತ್ತರ ಇಷ್ಟೆ. ಸತ್ತನೆಂಬ ಕಾರಣದಿಂದ ಈತ ಶುದ್ಧನಾದುದಲ್ಲ. ಶುದ್ಧನಾಗಿದ್ದ ಕಾರಣದಿಂದ ಸಾಯಬೇಕಾಯಿತು. ಕೊನೆಯ ದಿನ ಇದ್ದಕ್ಕಿದ್ದಂತೆ ಆ ಧೈರ್ಯ ಆಕಾಶದಿಂದ ಇಳಿದುಬರಲಿಲ್ಲ. 1926ರ ಸಮಿತಿಯ ಕುರ್ಚಿ ಬೇಡವೆಂದವನು, 1931ರಲ್ಲಿ ಚಪ್ಪಾಳೆ ಬೇಡವೆಂದವನು, 1936ರಲ್ಲಿ ತನ್ನವರ ಪಾಪಕ್ಕೆ ಪಾಲುದಾರನಾಗಲು ಒಪ್ಪದವನು, 1937ರಲ್ಲಿ ಲೆಕ್ಕ ಒಪ್ಪಿಸಿದವನು, 1942ರಲ್ಲಿ ಬೇಡವೆಂದುದು ಸಹಜವಾಗಿಯೇ ಬಂತು. ದಿನದಿನದ ಸಣ್ಣ ಬೇಡಗಳಲ್ಲಿ ಪಳಗದವನಿಗೆ ಕೊನೆಯ ದೊಡ್ಡ ಬೇಡ ಬಾಯಿಗೆ ಬರುವುದಿಲ್ಲ.

ಇನ್ನೊಂದು ಮಾತನ್ನೂ ಸೇರಿಸುತ್ತೇವೆ. ಈತನ ಫೋಟೋಗೆ ಹಾರ ಹಾಕಿ ಊದುಬತ್ತಿ ಹಚ್ಚಿರೆಂದು ನಾವು ಇದನ್ನೆಲ್ಲ ಬರೆಯಲಿಲ್ಲ. ಹಾರ ಹಾಕುವ ಕೈ ಲೆಕ್ಕ ಕೇಳುವುದಿಲ್ಲ. ನಾಯಕನನ್ನು ದೇವರು ಮಾಡುವವನೂ “ಎಲ್ಲರೂ ಕಳ್ಳರು” ಎನ್ನುವವನೂ ಮೇಲ್ನೋಟಕ್ಕೆ ಉತ್ತರ ದಕ್ಷಿಣ. ಆದರೆ ಇಬ್ಬರೂ ಸಭೆಗೆ ಬರುವುದಿಲ್ಲ, ಇಬ್ಬರೂ ಪ್ರಶ್ನೆ ಕೇಳುವುದಿಲ್ಲ. ಒಬ್ಬನು ಭಕ್ತಿಯಿಂದ ಮಲಗಿದ್ದಾನೆ, ಇನ್ನೊಬ್ಬನು ಬೇಸರದಿಂದ ಮಲಗಿದ್ದಾನೆ. ಇವರಿಬ್ಬರ ನಿದ್ದೆಯಲ್ಲೇ ಸಂಘದ ಪೆಟ್ಟಿಗೆ ಬರಿದಾಗುವುದು.

ಕಾರ್ಮಿಕನು ಕುರ್ಚಿ ಹತ್ತಬಾರದೆಂದರೆ ಕುರ್ಚಿ ಖಾಲಿಯಾಗಿ ಉಳಿಯುವುದಿಲ್ಲ. ಮಾಲಿಕನೋ ಮಾಲಿಕನ ಅಳಿಯನೋ ಬಂದು ಕೂರುತ್ತಾನೆ. ಆದುದರಿಂದ ಹತ್ತುವವರು ಹತ್ತಲಿ. ಆದರೆ ಹತ್ತುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ಇವನು ಎಂದಾದರೂ ನಮ್ಮ ಜೊತೆ ದುಡಿದಿದ್ದಾನೆಯೆ? ತನಗೆ ಲಾಭವಾಗುವ ಯಾವುದನ್ನಾದರೂ ಇದುವರೆಗೆ ಬೇಡವೆಂದಿದ್ದಾನೆಯೆ? ತನ್ನವರ ತಪ್ಪನ್ನು ತನ್ನವರ ಎದುರಿಗೇ ಹೇಳಿದ್ದಾನೆಯೆ? ಇಳಿದ ಮೇಲೆ ಲೆಕ್ಕ ಹೇಳಲು ಬರುತ್ತಾನೆಯೆ? ಹೌದೆಂದಾದರೆ ನಿಮ್ಮ ಹೆಗಲು ಕೊಡಿ. ಅಲ್ಲವೆಂದಾದರೆ ಅವನು ನಮ್ಮ ಊರವನಾದರೂ ನಮ್ಮ ಜಾತಿಯವನಾದರೂ ಹೆಗಲನ್ನು ಹಿಂದಕ್ಕೆ ಎಳೆದುಕೊಳ್ಳಿ. ಈ ಪ್ರಶ್ನೆಗಳನ್ನು ಮೊದಲು ನಮ್ಮನ್ನೇ ಕೇಳಿ. ಚಂದಾ ಪುಸ್ತಕ ಹಿಡಿದು ನಾವು ಮತ್ತೆ ಬರುತ್ತೇವೆ. ಹಣ ಕೊಡಿ, ಹಣದ ಜೊತೆಗೆ ಕಳೆದ ವರ್ಷದ ಲೆಕ್ಕವನ್ನೂ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿಕೊಂಡರೆ, ಅಂದೇ ನಮ್ಮನ್ನು ಇಳಿಸಿ.